ಅಡ್ಡ ಸೀಟಿನ ಮಗು: ಭೀಮಾತೀರದ ಗಾಡಿಗಳು ಮತ್ತು ಸುರಕ್ಷತೆಯ ನಿಯಮ

ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ಬಂದವು. ಅವುಗಳಲ್ಲಿ 138ನೆಯ ನಿಯಮದ 3ನೆಯ ಉಪನಿಯಮ ಸೀಟ್ ಬೆಲ್ಟ್ ಯಾರು ಕಟ್ಟಿಕೊಳ್ಳಬೇಕೆಂದು ಹೇಳುತ್ತದೆ: ಚಾಲಕ, ಮುಂದಿನ ಸೀಟಿನಲ್ಲಿ ಕೂತವರು, ಹಿಂದೆ ಮುಂದಕ್ಕೆ ಮುಖಮಾಡಿದ ಸೀಟುಗಳಲ್ಲಿ ಕೂತವರು. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಎದುರುಬದುರು ಕೂರುವ ಅಡ್ಡ ಸೀಟಿನವರ ಮಾತು ಅದರಲ್ಲಿಲ್ಲ. ವಿಜಯಪುರ ಜಿಲ್ಲೆಯ ಭೀಮಾತೀರದಲ್ಲಿ ಜಾತ್ರೆಗೋ ಮದುವೆಗೋ ಹೊರಟ ಗಾಡಿಯ ಹಿಂಬಾಗಿಲು ತೆರೆದು ನೋಡಿದರೆ ಮಕ್ಕಳು ಕಾಣುವುದು ಈ ಅಡ್ಡ ಸೀಟಿನಲ್ಲಿಯೇ, ಇಲ್ಲವೇ ಆ ಸೀಟಿನಲ್ಲಿ ಕೂತವರ ತೊಡೆಯ ಮೇಲೆ. ವಾಹನ ಸುರಕ್ಷತೆಯ ನಮ್ಮ ಕಾನೂನು ಕಾರಿನ ಮಗುವನ್ನು ಕಣ್ಣಮುಂದಿಟ್ಟುಕೊಂಡು ಬೆಳೆದಿದೆ, ಈ ಭಾಗದ ಮಗು ಬೇರೆ ಗಾಡಿಯಲ್ಲಿದೆ. ಈ ಅಂತರ ಎಷ್ಟು, ಎಲ್ಲಿ ಹುಟ್ಟಿತು ಎಂಬುದನ್ನು ನೋಡುವುದು ಈ ಟಿಪ್ಪಣಿಯ ಉದ್ದೇಶ.

ದೇವಣಗಾಂವ ಭೀಮಾ ನದಿಯ ದಂಡೆಯ ಊರು. ಮೊದಲು ಸಿಂದಗಿ ತಾಲ್ಲೂಕಿನಲ್ಲಿತ್ತು, ತಾಲ್ಲೂಕುಗಳು ಒಡೆದ ಮೇಲೆ ಆಲಮೇಲಕ್ಕೆ ಸೇರಿತು. ಸೇತುವೆ ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ಸೀಮೆ. ಅಮಾವಾಸ್ಯೆಗೆ ಘತ್ತರಗಿ ಭಾಗ್ಯವಂತಿಯ ದರ್ಶನ, ದತ್ತನ ಗಾಣಗಾಪುರ, ಆಷಾಢ ಏಕಾದಶಿಗೆ ಪಂಢರಪುರ, ಬೀಗರ ಊರಿನ ನಿಶ್ಚಯ, ಕುಬಸ, ಮಗುವಿನ ಜಾವಳ: ಹೀಗೆ ಇಡೀ ಮನೆತನ ಒಟ್ಟಿಗೆ ಹೊರಡುವ ಪ್ರಯಾಣಗಳು ಇಲ್ಲಿ ವರ್ಷವಿಡೀ ಇರುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಗೋವಾ, ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಲು ಹೋಗುವವರ ಪ್ರಯಾಣ ಬೇರೆ. ಅದು ಬಹುಪಾಲು ರಾತ್ರಿಯದು, ಮಕ್ಕಳು ಹಾಸಿಗೆ ಪಾತ್ರೆಗಳ ನಡುವೆ ನಿದ್ದೆಯಲ್ಲಿರುತ್ತಾರೆ. ಇಂಥ ಪ್ರಯಾಣಕ್ಕೆ ಐದು ಸೀಟಿನ ಕಾರು ಸಾಲದು. ಸಾಲುವುದು ಕ್ರೂಸರ್. ಪುಣೆಯ ಫೋರ್ಸ್ ಮೋಟರ್ಸ್ (2005ರವರೆಗೆ ಅದರ ಹೆಸರು ಬಜಾಜ್ ಟೆಂಪೊ) ತಯಾರಿಸುವ ಈ ಗಾಡಿಯ ಜನಪ್ರಿಯ ಮಾದರಿಯಲ್ಲಿ ಚಾಲಕನನ್ನು ಬಿಟ್ಟು 12 ಸೀಟುಗಳಿವೆ. ಹತ್ತುವವರ ಲೆಕ್ಕ ಅದಕ್ಕೆ ಕಟ್ಟುಬಿದ್ದದ್ದಲ್ಲ. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಬೊಲೆರೊ ಇರುತ್ತದೆ, ಅದರಲ್ಲಿಯೂ ಹಿಂದಿನ ಎರಡು ಸೀಟುಗಳು ಎದುರುಬದುರು. ಹತ್ತಿರದ ಸಂತೆಗೆ, ಶಾಲೆಗೆ ಮೂರು ಗಾಲಿಯ ಟಂಟಂ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಟ್ರೇಲರೂ ಜನ ಹೊರುತ್ತದೆ. ಅದು ಸರಕಿನ ಗಾಡಿಯಾದ್ದರಿಂದ ಅಲ್ಲಿ ಬೆಲ್ಟಿನ ಪ್ರಶ್ನೆಯೇ ಏಳದು.

ನಿಯಮಗಳನ್ನು ಅವು ಬಂದ ಕ್ರಮದಲ್ಲಿ ಓದಬೇಕು. 125ನೆಯ ನಿಯಮ ತಯಾರಕರಿಗೆ ಹೇಳಿದ್ದು. ಅದು 1990ರ ದಶಕದ ಮೊದಲರ್ಧದಲ್ಲಿ ಚಾಲಕನಿಗೂ ಮುಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ ಮಾಡಿತು. ಮೋಟಾರ್ ಸೈಕಲ್ಲುಗಳನ್ನೂ, ಎಂಜಿನ್ 500 ಸಿ.ಸಿ. ಮೀರದ ತ್ರಿಚಕ್ರ ವಾಹನಗಳನ್ನೂ ಹೊರಗಿಟ್ಟಿತು. ಟಂಟಂ ಆಗಲೇ ಪಟ್ಟಿಯಿಂದ ಜಾರಿತು. ಹಿಂದಿನ ಸೀಟಿನ ಸರದಿ ಬಂದದ್ದು 2002ರಲ್ಲಿ. ಆಗ ಸೇರಿದ ಉಪನಿಯಮಕ್ಕೆ ಎರಡು ಷರತ್ತುಗಳಿವೆ: ಚಾಲಕನನ್ನು ಬಿಟ್ಟು 8ಕ್ಕಿಂತ ಹೆಚ್ಚು ಸೀಟು ಇರದ ವಾಹನವಾಗಿರಬೇಕು, ಸೀಟು ಮುಂದಕ್ಕೆ ಮುಖಮಾಡಿರಬೇಕು. ಮೊದಲ ಷರತ್ತು ಕ್ರೂಸರಿನ ಹಿಂಭಾಗವನ್ನು ಇಡಿಯಾಗಿ ಹೊರಗಿಟ್ಟಿತು. ಎರಡನೆಯದು ಬೊಲೆರೊದ ಕಡೆಯ ಸಾಲನ್ನು ಹೊರಗಿಟ್ಟಿತು. ವಾಹನ ವರ್ಗೀಕರಣದ ಭಾಷೆಯಲ್ಲಿ 8 ಸೀಟಿನವರೆಗಿನದು ಎಂ1, ಅದನ್ನು ಮೀರಿ ಒಟ್ಟು ತೂಕ 5 ಟನ್ನಿನೊಳಗೆ ಇರುವುದು ಎಂ2. ಮುಂದೆ ಬಂದ ಸುರಕ್ಷತಾ ಆದೇಶಗಳಲ್ಲಿ ಬಹುಪಾಲು ಎಂ1ಕ್ಕೆ ಸೇರಿದವು. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಬೆಲ್ಟ್ ಕಟ್ಟದಿದ್ದರೆ ಕೂಗುವ ಬೀಪ್, ತಾಸಿಗೆ 80 ಕಿ.ಮೀ. ದಾಟಿದರೆ ಎಚ್ಚರಿಸುವ ಸದ್ದು, ವಿದ್ಯುತ್ ಹೋದರೂ ಕೈಯಿಂದ ತೆಗೆಯಬಹುದಾದ ಸೆಂಟ್ರಲ್ ಲಾಕ್ ಬಂದವು. 2021ರಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಬಂತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ತಾಸಿಗೆ 64 ಕಿ.ಮೀ. ವೇಗದಲ್ಲಿ ಕಾರನ್ನು ಡಿಕ್ಕಿ ಹೊಡೆಸಿ ನಕ್ಷತ್ರ ಕೊಡುತ್ತದೆ. ಅದರಲ್ಲಿ ಮಕ್ಕಳ ರಕ್ಷಣೆಗೇ 49 ಅಂಕಗಳಿವೆ, ಮಕ್ಕಳ ಅಳತೆಯ ಬೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಿಯೇ ಆ ಅಂಕ ಎಣಿಸುವುದು. ಇದೂ ಎಂ1 ಕಾರುಗಳಿಗೆ. 12 ಸೀಟಿನ ಗಾಡಿಗೆ ನಕ್ಷತ್ರ ಕೊಡುವವರಿಲ್ಲ.

ಈಗ ಕಾಯಿದೆಗೆ ಬರೋಣ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 194ಬಿ ಕಲಂ ಸೇರಿ, ಅದೇ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಅದರ 1ನೆಯ ಉಪಕಲಂ ಬೆಲ್ಟ್ ಕಟ್ಟದ ಚಾಲಕನಿಗೂ, ಬೆಲ್ಟ್ ಕಟ್ಟದ ಪ್ರಯಾಣಿಕರನ್ನು ಒಯ್ಯುವವನಿಗೂ ದಂಡ ಹೇಳುತ್ತದೆ. ಪ್ರಯಾಣಿಕರು ನಿಂತು ಹೋಗುವ ಸಾರಿಗೆ ವಾಹನಗಳಿಗೆ ಅಥವಾ ನಿರ್ದಿಷ್ಟ ವರ್ಗದ ಸಾರಿಗೆ ವಾಹನಗಳಿಗೆ ರಾಜ್ಯ ಸರಕಾರ ಬೇಕಾದರೆ ವಿನಾಯಿತಿ ಕೊಡಬಹುದು. 2ನೆಯ ಉಪಕಲಂ ಮಕ್ಕಳದು. 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸುರಕ್ಷತಾ ಸೀಟಿನಿಂದಲೋ ಭದ್ರಪಡಿಸದೆ ಮೋಟಾರು ವಾಹನ ನಡೆಸುವವನಿಗೆ, ನಡೆಸಲು ಬಿಡುವವನಿಗೆ 1000 ರೂಪಾಯಿ ದಂಡ. ಇಲ್ಲಿ ಎಂ1 ಎಂದಿಲ್ಲ, ಮುಂದಕ್ಕೆ ಮುಖಮಾಡಿದ ಸೀಟು ಎಂದಿಲ್ಲ, 8 ಸೀಟು ಎಂದಿಲ್ಲ. ವಿನಾಯಿತಿಯ ಪರಂತುಕವೂ ಮೊದಲ ಉಪಕಲಮಿನದು, ಇದಕ್ಕೆ ಅನ್ವಯಿಸದು.

ನಿಯಮ, ಕಾಯಿದೆ ಎರಡನ್ನೂ ಜೋಡಿಸಿ ಓದಿದರೆ ತೊಡಕು ಕಾಣುತ್ತದೆ. ಅಡ್ಡ ಸೀಟಿನಲ್ಲಿ ಹತ್ತು ವರ್ಷದ ಹುಡುಗಿಯನ್ನು ಕೂರಿಸಿಕೊಂಡು ಸಿಂದಗಿಯಿಂದ ಜೇವರ್ಗಿಗೆ ಹೊರಟ ಕ್ರೂಸರ್ ಚಾಲಕ ಕಾಯಿದೆಯ ಪ್ರಕಾರ ತಪ್ಪಿತಸ್ಥ. ಆ ಸೀಟಿಗೆ ಬೆಲ್ಟ್ ಹಾಕಿ ಕಳಿಸೆಂದು ಕಾರ್ಖಾನೆಗೆ ಮಾತ್ರ ಯಾವ ನಿಯಮವೂ ಹೇಳಿಲ್ಲ. ಕಾಯಿದೆ ಮಗುವನ್ನು ನೋಡಿದೆ, ನಿಯಮ ಸೀಟನ್ನು ನೋಡಿದೆ. ಇದು ಬರೆಯುವಾಗ ಆದ ಅಜಾಗರೂಕತೆ ಎಂದು ತೋರುವುದಿಲ್ಲ. ನಿಯಮ ಬರೆದವರು ಯುರೋಪಿನ ಕಾರು ಮಾನದಂಡಗಳನ್ನು ಮುಂದಿಟ್ಟುಕೊಂಡಂತೆ ಕಾಣುತ್ತದೆ, ಅಲ್ಲಿ ಅಡ್ಡ ಸೀಟಿನ ಸಮಸ್ಯೆಯನ್ನು ಮುಂದೆ ಬೇರೆ ದಾರಿಯಿಂದ ಬಗೆಹರಿಸಲಾಯಿತು. ಯುರೋಪಿನ ಒಕ್ಕೂಟ 2005ರ ನಿರ್ದೇಶನವೊಂದರಿಂದ ಹೊಸ ಕಾರುಗಳಲ್ಲಿ, ಸಣ್ಣ ಸರಕು ವಾಹನಗಳಲ್ಲಿ, ದೂರಪ್ರಯಾಣದ ಬಸ್ಸುಗಳಲ್ಲಿ ಅಡ್ಡ ಸೀಟು ಹಾಕುವುದನ್ನೇ ನಿಷೇಧಿಸಿತು. ಇಲ್ಲದ ಸೀಟಿಗೆ ಬೆಲ್ಟಿನ ನಿಯಮ ಬೇಕಿಲ್ಲ. ನಾವು ಅವರ ಬೆಲ್ಟಿನ ನಿಯಮದಂಥದನ್ನೇ ಇಟ್ಟುಕೊಂಡು ಸೀಟನ್ನೂ ಉಳಿಸಿಕೊಂಡೆವು.

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಕಟ್ಟಿರಲಿಲ್ಲ. ದೇಶಕ್ಕೆ ಹಿಂದಿನ ಸೀಟಿನ ನೆನಪಾದದ್ದು ಆಗ. ಅದೇ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸರೂ ಹಿಂದಿನ ಸೀಟಿನವರು ಬೆಲ್ಟ್ ಕಟ್ಟದಿದ್ದರೆ 1000 ರೂಪಾಯಿ ದಂಡ ಎಂದು ಸುತ್ತೋಲೆ ಹೊರಡಿಸಿದರು. ಆ ಸುತ್ತೋಲೆಯೂ ಎಂ1 ವಾಹನಗಳ ಮೇರೆಯಲ್ಲಿಯೇ ನಿಂತಿತು. ಅದೇ ವರ್ಷ ಮಿಸ್ತ್ರಿ ಸಾವಿಗೆ ಮುಂಚೆಯೇ ಕರ್ನಾಟಕದಲ್ಲಿ ಎರಡು ಕ್ರೂಸರ್ ಅಪಘಾತಗಳು ನಡೆದಿದ್ದವು. ಮೇ 21ರ ನಡುರಾತ್ರಿಯ ಸುಮಾರಿಗೆ ಧಾರವಾಡ ತಾಲ್ಲೂಕಿನ ಬಾಡ ಗ್ರಾಮದ ಬಳಿ ನಿಶ್ಚಿತಾರ್ಥದ ಮನೆಯವರು ತುಂಬಿದ್ದ ಕ್ರೂಸರ್ ಮರಕ್ಕೆ ಬಡಿಯಿತು. ಸತ್ತವರಲ್ಲಿ ಮಕ್ಕಳಿದ್ದರು. ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ದುಡಿಯಲು ಹೊರಟಿದ್ದ ಕೂಲಿಕಾರರ ಕ್ರೂಸರ್ ಲಾರಿಗೆ ಗುದ್ದಿ 9 ಜನ ಸತ್ತರು, ಅವರಲ್ಲಿಯೂ ಮಕ್ಕಳಿದ್ದರು. ಆ ಎರಡರ ನಂತರ ಹೆಚ್ಚು ಜನರನ್ನು ತುಂಬಿದ ಗಾಡಿಗಳನ್ನು ಹಿಡಿಯುವ ಮಾತಾಯಿತೇ ಹೊರತು ಸೀಟಿನ ದಿಕ್ಕಿನ ಮಾತಾಗಲಿಲ್ಲ.

ಸಿಂದಗಿಯ ಮಗ್ಗುಲಿನ ಪ್ರಕರಣವೊಂದನ್ನು ಪ್ರತ್ಯೇಕವಾಗಿ ನೋಡಬೇಕು. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಹತ್ತಿರ ಬಾಗಲಕೋಟೆಯಿಂದ ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದ ಮ್ಯಾಕ್ಸಿಕ್ಯಾಬ್ ನಿಂತ ಲಾರಿಗೆ ಹಿಂದಿನಿಂದ ಗುದ್ದಿತು. 5 ಜನ ಸತ್ತರು. ಅವರಲ್ಲಿ ಇನ್ನೂ ಮಡಿಲು ಬಿಡದ ಕೂಸುಗಳಿದ್ದವು. ನಿಂತ ಲಾರಿ, ರಾತ್ರಿಯ ಕಡೆಯ ಜಾವ, ತೂಕಡಿಸುವ ಕಣ್ಣು, ಮಡಿಲಲ್ಲಿ ಮಗು: ಈ ನಾಲ್ಕೂ ಒಂದೆಡೆ ಸೇರುವುದು ಅಪರೂಪವಲ್ಲ. ಮೊದಲ ಮೂರಕ್ಕೆ ಪೊಲೀಸರು, ರಸ್ತೆಯವರು, ಚಾಲಕರು ಹೊಣೆ. ನಾಲ್ಕನೆಯದರ ಬಗ್ಗೆ ಮನೆಯವರು ಯೋಚಿಸಬಹುದಾದ್ದರಿಂದ ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಗಾಡಿ ತಾಸಿಗೆ 50 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ, ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗುದ್ದಿದಾಗ ಗಾಡಿಯ ಮೂತಿ ಅರ್ಧ ಮೀಟರಿನಷ್ಟು ನುಗ್ಗಾಗಿ ನಿಂತರೆ, ಒಳಗಿದ್ದವರನ್ನು ಅಷ್ಟೇ ದೂರದಲ್ಲಿ ನಿಲ್ಲಿಸಲು ಬೇಕಾಗುವ ಬಲ ಅವರವರ ತೂಕದ ಸುಮಾರು 20 ಪಟ್ಟು. 10 ಕಿಲೋ ತೂಗುವ ಒಂದು ವರ್ಷದ ಕೂಸನ್ನು ತಾಯಿ ಹಿಡಿದಿಡಬೇಕಾದರೆ ಆಕೆಯ ತೋಳು ಆ ಕ್ಷಣದಲ್ಲಿ 2 ಕ್ವಿಂಟಲ್ ಎಳೆತ ತಡೆಯಬೇಕು, ತೊಗರಿಯ ತುಂಬಿದ ಚೀಲಗಳು ಕೈಯಿಂದ ಕಿತ್ತುಕೊಂಡು ಹೋದಂತೆ. ಇದು ತಾಯಿಯ ಪ್ರೀತಿಯ ಮಾತಲ್ಲ, ಸ್ನಾಯುವಿನ ಮಾತು. ಅದಲ್ಲದೆ ಬೆಲ್ಟ್ ಕಟ್ಟದ ತಾಯಿಯ ಸ್ವಂತ ತೂಕವೂ ಅಷ್ಟೇ ಪಟ್ಟು ಹೆಚ್ಚಿ ಮಗುವಿನ ಮೇಲೆ ಬೀಳುತ್ತದೆ. ಅಡ್ಡ ಸೀಟಿನಲ್ಲಿ ಲೆಕ್ಕ ಇನ್ನೂ ಕೆಡುತ್ತದೆ. ಮುಂದಕ್ಕೆ ಮುಖಮಾಡಿ ಕೂತ ದೇಹ ಸೊಂಟದಲ್ಲಿ ಬಾಗುತ್ತದೆ, ಅಡ್ಡ ಕೂತ ದೇಹ ಪಕ್ಕಕ್ಕೆ ಜಾರುತ್ತದೆ. ಕುತ್ತಿಗೆ ಪಕ್ಕಕ್ಕೆ ಹೊರಳುವುದನ್ನು ಸಹಿಸಲು ಸಣ್ಣ ಮಕ್ಕಳ ಮೂಳೆ ತಯಾರಿರುವುದಿಲ್ಲ. ಆ ಸಾಲಿನಲ್ಲಿ ಕೂತವರೆಲ್ಲರೂ ಮುಂದಿನ ತುದಿಗೆ ಜಾರುವುದರಿಂದ, ಜಾಗ ಕಡಿಮೆಯೆಂದು ಮಗುವನ್ನು ಮುಂದಿನ ಮೂಲೆಗೆ ಒತ್ತಿ ಕೂರಿಸಿದ್ದರೆ ಎಲ್ಲರ ಭಾರ ಅದರ ಮೇಲೆ. ಹಿಂಬಾಗಿಲ ಮೂಲೆಗೆ ಕೂರಿಸಿದ್ದರೆ ಬಾಗಿಲು ತೆರೆದುಕೊಂಡು ಹೊರಗೆ ಬೀಳುವ ಭಯ. ಬೆಲ್ಟ್ ಹಾಕಿದರೂ ಅಡ್ಡ ಸೀಟಿನ ದೋಷ ಪೂರ್ತಿ ಹೋಗದು. ಮಕ್ಕಳ ಸೀಟುಗಳನ್ನು ತಯಾರಿಸುವವರೂ ಅವನ್ನು ಮುಂದಕ್ಕೆ ಮುಖಮಾಡಿದ ವಾಹನದ ಸೀಟಿಗೇ ಕಟ್ಟಬೇಕೆನ್ನುತ್ತಾರೆ.

ಮಕ್ಕಳ ಸೀಟಿನ ಹಿಂದಿನ ವಿಚಾರ ಹಳೆಯದು. ಸೊಂಟ ಎದೆ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ನಿಲ್ಸ್ ಬೊಲಿನ್ ವೋಲ್ವೋ ಕಂಪನಿಗೆ ರೂಪಿಸಿಕೊಟ್ಟರು, ಕಂಪನಿ ಪೇಟೆಂಟನ್ನು ಎಲ್ಲರ ಬಳಕೆಗೂ ಬಿಟ್ಟಿತು. ಅದು ದೊಡ್ಡವರ ಮೈಗೆ ಹೊಲಿದ ಬೆಲ್ಟು, ಮಗುವಿಗೆ ಕಟ್ಟಿದರೆ ಕುತ್ತಿಗೆಗೂ ಹೊಟ್ಟೆಗೂ ಬರುತ್ತದೆ. 1964ರಲ್ಲಿ ಅದೇ ದೇಶದ ವೈದ್ಯ ಬರ್ಟಿಲ್ ಆಲ್ಡ್‌ಮನ್ ಹಿಂದಕ್ಕೆ ಮುಖಮಾಡಿದ ಮಕ್ಕಳ ಸೀಟಿನ ಮಾದರಿ ಮಾಡಿದರು. ಅಮೆರಿಕದ ಜೆಮಿನಿ ನೌಕೆಯ ಗಗನಯಾನಿಗಳು ಬೆನ್ನೊತ್ತಿ ಮಲಗುವ ರೀತಿ ಅವರಿಗೆ ಹೊಳಹು ಕೊಟ್ಟಿತ್ತು. ಕೂಸಿನ ತಲೆ ಮೈಯ ಲೆಕ್ಕಕ್ಕೆ ಭಾರ, ಕುತ್ತಿಗೆ ಎಳೆಯದು. ಮುಖ ಹಿಂದಕ್ಕಿದ್ದರೆ ಹೊಡೆತವನ್ನು ಬೆನ್ನೆಲ್ಲ ಹಂಚಿಕೊಳ್ಳುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ಅಂದಾಜಿನಂತೆ ಕಾರಿನಲ್ಲಿ ಮಕ್ಕಳ ಸೀಟುಗಳು ಒಂದು ವರ್ಷದೊಳಗಿನ ಕೂಸುಗಳ ಸಾವನ್ನು 71 ಪ್ರತಿಶತ, 1ರಿಂದ 4 ವರ್ಷದವರ ಸಾವನ್ನು 54 ಪ್ರತಿಶತ ತಗ್ಗಿಸುತ್ತವೆ. ಈ ಅಂಕಿಗಳು ಕಾರಿನವು. ಅವನ್ನು ಕ್ರೂಸರಿಗೆ ಹಾಗೆಯೇ ಹಚ್ಚಲಾಗದು.

ಬೆಲ್ಟಿನ ಬಗ್ಗೆ ಇನ್ನೊಂದು ಮಾತು. 2024ರ ಡಿಸೆಂಬರ್ 21ರಂದು ನೆಲಮಂಗಲದ ತಾಳೆಕೆರೆ ಬಳಿ ಕಂಟೇನರ್ ಲಾರಿ ವಿಭಜಕ ಹಾರಿ ವೋಲ್ವೋ ಕಾರಿನ ಮೇಲೆ ಉರುಳಿತು. ವಿಜಯಪುರದ ಗಡಿಗೆ ಹೊಂದಿದ ಜತ್ತ ತಾಲ್ಲೂಕು ಮೂಲದ ಒಂದೇ ಮನೆಯ 6 ಜನ ತೀರಿಹೋದರು. ಅಷ್ಟು ಸುರಕ್ಷಿತ ಕಾರೇ ಹೀಗಾದರೆ ಬೆಲ್ಟ್ ಕಟ್ಟಿ ಏನು ಫಲ ಎಂಬ ಮಾತು ಆಗ ಈ ಕಡೆಯೂ ಕೇಳಿಬಂತು. 2025ರ ಮೇ 21ರಂದು ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿ ಬಳಿ ಕಾರು ವಿಭಜಕ ದಾಟಿ ಎದುರಿನ ಬಸ್ಸಿಗೆ ಗುದ್ದಿ 6 ಜನ ಸತ್ತಾಗ, ಕಾರಿನಲ್ಲಿದ್ದ ಒಬ್ಬ ಬಾಲಕ ಮಾತ್ರ ಉಳಿದಾಗಲೂ ಮಾತು ಹಣೆಬರಹದ ಕಡೆ ತಿರುಗಿತು. ಒಂದೊಂದು ಅಪಘಾತದಿಂದ ಹೀಗೆ ತೀರ್ಮಾನಿಸುವುದು ಸರಿಯಲ್ಲ. ಕಂಟೇನರಿನಡಿ ಸಿಕ್ಕ ಕಾರು ಬೆಲ್ಟಿನ ಪರೀಕ್ಷೆಯಲ್ಲ, ಬೆಲ್ಟ್ ಮಾಡಿದ್ದು ಮೈ ಹಾರದಂತೆ ಹಿಡಿಯಲು. ಹಾಗೆ ಹಿಡಿಯಬಹುದಾಗಿದ್ದ ಸಾವುಗಳ ಅಂದಾಜು ಬೇಕಿದ್ದರೆ ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ನೋಡಬಹುದು. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 16,715 ಜನ ಬೆಲ್ಟ್ ಕಟ್ಟಿರಲಿಲ್ಲ. ಅವರಲ್ಲಿ 8,384 ಚಾಲಕರು, 8,331 ಪ್ರಯಾಣಿಕರು. ಬೆಲ್ಟ್ ಕಟ್ಟದವರು ಎಂಬ ಈ ಶೀರ್ಷಿಕೆ ಕಟ್ಟಲು ಬೆಲ್ಟೇ ಇಲ್ಲದವರನ್ನು ಬೇರೆ ಎಣಿಸುವುದಿಲ್ಲ. ಈ ಟಿಪ್ಪಣಿಗೆ ಬೇಕಾದ ಅಂಕಣ ಅದೇ ಆಗಿತ್ತು.

ಇಷ್ಟು ಹೊತ್ತು ಕ್ರೂಸರಿನ ಮಾತಾಯಿತು. ಕಾರು ಕೊಂಡ ಮನೆಗಳೂ ಈಗ ಊರೂರಿಗೆ ಇವೆ, ಅಲ್ಲಿ ತೊಂದರೆ ಬೇರೆ ಬಗೆಯದು. ಸಾಧನವಿದೆ, ಅದು ಎರಡೂ ಕಡೆ ಕೊಯ್ಯುತ್ತದೆ. ಏರ್‌ಬ್ಯಾಗನ್ನೇ ನೋಡಿ. ಅದು ಕಣ್ಣುಮಿಟುಕಿಸುವುದಕ್ಕಿಂತ ಬೇಗ, ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನೊಳಗೆ, ಸಿಡಿದು ಉಬ್ಬುತ್ತದೆ. ದೊಡ್ಡವರ ಎದೆಯ ಎತ್ತರಕ್ಕೆ ಲೆಕ್ಕ ಹಾಕಿದ ಆ ಹೊಡೆತ ಮಡಿಲಲ್ಲಿ ಕೂತ ಮಗುವಿನ ಮುಖಕ್ಕೋ ಕುತ್ತಿಗೆಗೋ ಬೀಳುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ತಾಯಿಯ ಮಡಿಲಲ್ಲಿ ಮುಂದೆ ಕೂತಿದ್ದ ಎರಡು ವರ್ಷದ ಮಗು ಹೀಗೆ ಸತ್ತಿತು. ಮರು ತಿಂಗಳು ಕೇರಳದ ಸಾರಿಗೆ ಇಲಾಖೆ ಮಕ್ಕಳ ಸೀಟು ಕಡ್ಡಾಯವೆಂದಿತು, ಕೆಲವೇ ದಿನಗಳಲ್ಲಿ ಸಾರಿಗೆ ಸಚಿವರು ಸದ್ಯಕ್ಕೆ ದಂಡ ಹಾಕುವುದಿಲ್ಲವೆಂದು ಹಿಂದೆ ಸರಿದರು. ಜನ ಒಪ್ಪಲಿಲ್ಲವೆಂಬುದು ಒಂದು ಕಾರಣ, ಸೀಟಿನ ಬೆಲೆ ಇನ್ನೊಂದು. ಕರ್ನಾಟಕದಲ್ಲಿ ಆ ಪ್ರಯತ್ನದ ಮಟ್ಟಕ್ಕೂ ಚರ್ಚೆ ಬಂದಿಲ್ಲ. ಮುಂದಿನ ಸೀಟಿನ ಏರ್‌ಬ್ಯಾಗನ್ನು ಬಂದ್ ಮಾಡುವ ಕೀಲಿ ಕೆಲವು ಕಾರುಗಳ ಡ್ಯಾಶ್‌ಬೋರ್ಡಿನ ಪಕ್ಕದಲ್ಲಿಯೋ ಎದುರಿನ ಖಾನೆಯೊಳಗೋ ಇರುತ್ತದೆ. ಹಿಂದಕ್ಕೆ ಮುಖಮಾಡುವ ಕೂಸಿನ ಸೀಟನ್ನು ಮುಂದೆ ಇಡಲೇಬೇಕಾದರೆ ಅದನ್ನು ತಿರುಗಿಸಿ ಬಂದ್ ಮಾಡಬೇಕು, ಕೂಸು ಇಳಿದ ಮೇಲೆ ಮತ್ತೆ ಚಾಲು ಮಾಡಬೇಕು. ಎರಡನೆಯದನ್ನು ಮರೆಯುವುದು ಸುಲಭ. ಆದ್ದರಿಂದ ಕೂಸನ್ನು ಹಿಂದೆ ಕೂರಿಸುವುದೇ ಮೇಲು.

ಚೈಲ್ಡ್ ಲಾಕ್ ಇದಕ್ಕಿಂತ ಸೂಕ್ಷ್ಮವಾದ ಸಾಧನ. ಹಿಂದಿನ ಬಾಗಿಲ ಅಂಚಿನಲ್ಲಿ ಒಂದು ಸಣ್ಣ ಕೊಂಡಿ ಇರುತ್ತದೆ, ಬಾಗಿಲು ತೆರೆದಾಗಷ್ಟೇ ಕಾಣುತ್ತದೆ. ಅದನ್ನು ಒತ್ತಿದರೆ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ತೆರೆಯದು. ಓಡುವ ಗಾಡಿಯಲ್ಲಿ ಮಗು ಹಿಡಿಕೆ ಎಳೆದರೂ ಬೀಳದಿರಲೆಂದು ಮಾಡಿದ್ದು. ಅದೇ ಗುಣದಿಂದ ಅದು ಬಾಡಿಗೆ ಕಾರಿನಲ್ಲಿ ಹೆಂಗಸರನ್ನು ಕೂಡಿಹಾಕುವ ಸಾಧನವೂ ಆಗಬಲ್ಲದೆಂದು 2019ರ ಜುಲೈನಿಂದ ಹೊಸ ಬಾಡಿಗೆ ಕಾರುಗಳಲ್ಲಿ ಅದನ್ನು ನಿಷೇಧಿಸಲಾಯಿತು. ಸ್ವಂತ ಕಾರಿನಲ್ಲಿ ಉಳಿಯಿತು. ಇನ್ನೊಂದು ಅಪಾಯ ನಿಂತ ಕಾರಿನದು. 2025ರ ಮೇ 18ರಂದು ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪುಡಿಯಲ್ಲಿ ಆಡುತ್ತ ನಿಂತ ಕಾರಿನೊಳಗೆ ಹೊಕ್ಕ ನಾಲ್ಕು ಮಕ್ಕಳು ಬಾಗಿಲು ಬಂದ್ ಆಗಿ ಉಸಿರುಕಟ್ಟಿ ಸತ್ತರು. ಬಿಸಿಲಿನ ಲೆಕ್ಕ ನೋಡಿದರೆ ವಿಜಯಪುರ ಜಿಲ್ಲೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬಿಸಿಲಿಗೆ ನಿಂತ ಕಾರಿನೊಳಗಿನ ಶಾಖ ಒಂದು ತಾಸಿನಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು, ಆ ಏರಿಕೆಯ 80 ಪ್ರತಿಶತ ಮೊದಲ ಅರ್ಧ ತಾಸಿನಲ್ಲಿಯೇ ಆಗಿತ್ತು. ಗಾಜನ್ನು ಬೆರಳಷ್ಟು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗಿರಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇದ್ದ ಸಿಂದಗಿಯ ಮಧ್ಯಾಹ್ನಕ್ಕೆ ಅದೇ ಪ್ರಮಾಣ ಹಿಡಿದರೆ ಅರ್ಧ ತಾಸಿಗೆ ಒಳಗೆ 55 ದಾಟುತ್ತದೆ. ಮಗುವಿನ ಮೈ ದೊಡ್ಡವರದಕ್ಕಿಂತ ಮೂರು ನಾಲ್ಕು ಪಟ್ಟು ಬೇಗ ಕಾಯುತ್ತದೆ. ಅಂಗಳದಲ್ಲಿ ನಿಂತ ಕಾರಿಗೆ ಕೀಲಿ ಹಾಕಿಡುವುದು, ಕೀಲಿಯನ್ನು ಮಕ್ಕಳ ಕೈಗೆ ಆಟಕ್ಕೆ ಕೊಡದಿರುವುದು, ಮಗು ಕಾಣದಿದ್ದರೆ ಮೊದಲು ಬಾವಿ, ಹೊಂಡದ ಜೊತೆಗೆ ಕಾರನ್ನೂ ನೋಡುವುದು ಇದಕ್ಕೆ ಇರುವ ಉಪಾಯಗಳು.

ಗಾಜಿನ ಸ್ವಿಚ್ಚಿನದೂ ಹೀಗೆಯೇ. ಚಾಲಕನ ಬಾಗಿಲ ಮೇಲಿರುವ ಒಂದು ಗುಂಡಿ ಒತ್ತಿದರೆ ಉಳಿದ ಬಾಗಿಲುಗಳ ಸ್ವಿಚ್ ಸತ್ತಂತೆ. ಗಾಜಿಗೆ ಕೈ ತಡೆದರೆ ತಾನೇ ಕೆಳಗಿಳಿಯುವ ವ್ಯವಸ್ಥೆ ನಮ್ಮಲ್ಲಿ ಮಾರುವ ಅನೇಕ ಕಾರುಗಳಲ್ಲಿ ಚಾಲಕನ ಗಾಜಿಗೆ ಮಾತ್ರ ಇದೆ. ಮಗು ತಲೆ ಹೊರಹಾಕಿ ಮೊಣಕಾಲು ಊರಿದರೆ ಸ್ವಿಚ್ ಒತ್ತಿ ಗಾಜು ಏರಬಹುದೆಂದು ಅಮೆರಿಕ 2005ರ ಕಾನೂನಿನ ನಂತರ, ಮೇಲಕ್ಕೆ ಎಳೆದರೆ ಮಾತ್ರ ಗಾಜೇರುವ ಸ್ವಿಚ್ಚನ್ನು ಕಡ್ಡಾಯ ಮಾಡಿತು.

ಭೀಮಾತೀರದವರಿಗೆ ಲಾಕಿನ ಮತ್ತು ಗಾಜಿನ ಪ್ರಶ್ನೆ ನೆರೆಯ ಪ್ರಶ್ನೆಯೂ ಹೌದು. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ, 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರಿನಲ್ಲಿ ಆದಂತೆ, ಇಂಡಿ, ಆಲಮೇಲ, ಅಫಜಲಪುರ ಭಾಗದ ಹಳ್ಳದ ರಸ್ತೆಗಳು ಮುಳುಗುತ್ತವೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯ ನೀರಿನಲ್ಲಿ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ಸತ್ತದ್ದು ನಗರದ ಮಾತಾದರೂ ಯಂತ್ರದ ರೀತಿ ಒಂದೇ. ಹೊರಗೆ ನೀರು ನಿಂತರೆ ಅದರ ಒತ್ತಡಕ್ಕೆ ಬಾಗಿಲು ತೆರೆಯದು. ವಿದ್ಯುತ್ ಗಾಜು ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಆ ಹೊತ್ತಿನಲ್ಲಿ ಬೆಲ್ಟ್ ಬಿಚ್ಚಬೇಕು, ಗಾಜಿಳಿಸಬೇಕು, ಮಕ್ಕಳನ್ನು ಮೊದಲು ಹೊರಗೆ ಕಳಿಸಿ ತಾವು ಹೊರಡಬೇಕು. ಬಾಗಿಲು ತೆರೆಯಲು ಹೆಣಗುತ್ತ ಆ ಹೊತ್ತು ಕಳೆಯಬಾರದು. ಗಾಜು ಒಡೆಯಬೇಕಾದರೆ ಪಕ್ಕದ್ದನ್ನು ಒಡೆಯಬೇಕು, ಮುಂದಿನ ಗಾಜು ಎರಡು ಪದರಗಳ ನಡುವೆ ಹಾಳೆ ಇಟ್ಟು ಮಾಡಿದ್ದರಿಂದ ಬಿರಿಯುತ್ತದೆಯೇ ವಿನಾ ಉದುರುವುದಿಲ್ಲ. ಹಿಂದಿನ ಸೀಟಿನ ಗಾಜಿನ ಸ್ವಿಚ್ಚನ್ನು ಮಕ್ಕಳ ಸಲುವಾಗಿ ಬಂದ್ ಇಟ್ಟಿದ್ದರೆ ಈ ಸಂದರ್ಭದಲ್ಲಿ ಚಾಲಕನೇ ಅದನ್ನು ಬಿಡಬೇಕು, ಆತನಿಗೆ ಆ ಗುಂಡಿ ಎಲ್ಲಿದೆಯೆಂದು ಗೊತ್ತಿರಬೇಕು.

ಬೆಲ್ಟ್ ಇದ್ದಲ್ಲಿ ಅದನ್ನು ಮೋಸಗೊಳಿಸುವ ಜಾಣತನವೂ ನಮ್ಮಲ್ಲಿ ಇದೆ. ಬೀಪ್ ಸದ್ದು ಅಡಗಿಸಲು ಬೆಲ್ಟಿನ ಕೊಂಡಿಯಂಥ ತುಂಡೊಂದನ್ನು ಖಾಲಿ ಸಂದಿಗೆ ಸಿಕ್ಕಿಸುವುದು ಅದರ ಒಂದು ಬಗೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಕೊಟ್ಟಾಗ ಅಂಥ ತುಂಡುಗಳ 13,118 ಜಾಹೀರಾತುಗಳು ಇಳಿದವು. ಕ್ರೂಸರಿನಲ್ಲಿ ಅಷ್ಟು ಕಷ್ಟವಿಲ್ಲ. ಹೊಸ ಗಾಡಿ ಬಂದ ಕೂಡಲೇ ರೆಕ್ಸಿನ್ ಕವರ್ ಹೊಲಿಸುತ್ತಾರೆ, ಬೆಲ್ಟಿನ ಕೊಂಡಿಗಳಿದ್ದರೆ ಕವರಿನಡಿ ಸೇರಿಹೋಗುತ್ತವೆ.

ಇಲ್ಲಿಂದ ಎರಡು ಸೂಚನೆಗಳು ಹೊರಡುತ್ತವೆ. ಮೊದಲನೆಯದು ದಿಲ್ಲಿಯ ಕೆಲಸ. 194ಬಿಯ 2ನೆಯ ಉಪಕಲಮಿಗೆ ಹೊಂದುವಂತೆ 125 ಮತ್ತು 138ನೆಯ ನಿಯಮಗಳನ್ನು ತಿದ್ದಿ, ಹೊಸ ಎಂ2 ಗಾಡಿಗಳಲ್ಲಿ ಅಡ್ಡ ಸೀಟನ್ನು ನಿಲ್ಲಿಸಿ, ಹಿಂದಿನ ಸಾಲುಗಳಿಗೂ ಬೆಲ್ಟ್ ಹೇಳಬೇಕು. ಸೀಟು ಎರಡು ಮೂರು ಕಡಿಮೆಯಾಗುತ್ತವೆ, ಬಾಡಿಗೆ ಏರುತ್ತದೆ, ಮಾಲೀಕರು ವಿರೋಧಿಸುತ್ತಾರೆ. ಆ ವಿರೋಧದಲ್ಲಿ ಹುರುಳಿಲ್ಲವೆನ್ನಲಾಗದು, ಬಸ್ಸು ಬಾರದ ಊರಿಗೆ ಕ್ರೂಸರೇ ಬಸ್ಸು. ಎರಡನೆಯದಕ್ಕೆ ದಿಲ್ಲಿ ಬೇಕಿಲ್ಲ. ಬಾಡಿಗೆ ಗಾಡಿಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಯೋಗ್ಯತಾ ಪ್ರಮಾಣಪತ್ರಕ್ಕೆ ಬರುತ್ತವೆ. ವಿಜಯಪುರ ಸಾರಿಗೆ ಕಚೇರಿಯ (ಕೆಎ-28) ಆ ತಪಾಸಣೆಯಲ್ಲಿ ಕವರ್ ಎತ್ತಿ ಮುಂದಿನ ಮತ್ತು ನಡುವಿನ ಸಾಲಿನ ಬೆಲ್ಟಿನ ಕೊಂಡಿಗಳನ್ನು ನೋಡಬಹುದು, ಹಿಂಬಾಗಿಲ ಚಿಲಕ ಗಟ್ಟಿಯಿದೆಯೇ ಎಂದು ಎಳೆದು ನೋಡಬಹುದು. ಹಾಗೆಯೇ ಹೊರಡುವ ಮುನ್ನ ಮನೆಯ ಹಿರಿಯರು ಹತ್ತುವ ಕ್ರಮ ಬದಲಿಸಬಹುದು. ಈಗ ನಡುವಿನ ಸಾಲು ಹಿರಿಯ ಗಂಡಸರದು, ಹಿಂದಿನ ಅಡ್ಡ ಸೀಟು ಹೆಂಗಸರು ಮಕ್ಕಳದು. ಮಕ್ಕಳು ನಡುವೆ, ಗಂಡಸರು ಹಿಂದೆ ಎಂದಾದರೆ ಸೀಟಿನ ಲೆಕ್ಕ ಬದಲಾಗದು, ಖರ್ಚೂ ಇಲ್ಲ.